ರಾಜೀನಾಮೆನಾ? ಮೊದಲು ನೌಕರಿಗೆ ಅರ್ಜಿ ಹಾಕಿ

ಬ್ರಿಟನ್ ಸಂಸತ್ತಿನ ಕೆಳಮನೆ, ಲಂಡನ್ನಿನ ಹೌಸ್ ಆಫ್ ಕಾಮನ್ಸ್ ಒಳಗೆ ಹೋಗೋಕೆ ಓಟು ಸಾಕು. ಹೊರಗೆ ಬರೋಕೆ ಮಾತ್ರ ಸರ್ಕಾರಿ ನೌಕರಿ ಬೇಕು.

ತಮಾಷೆಯಲ್ಲ. ಸಂಸದರು ತಾವಾಗಿ ಸ್ಥಾನ ಬಿಡುವಂತಿಲ್ಲ ಎಂದು 1624ರಲ್ಲಿ ಸದನ ನಿರ್ಣಯ ಮಾಡಿತು. ಆಗ ಸಂಸದಗಿರಿ ಅಂದ್ರೆ ತಲೆನೋವು. ಬಿಟ್ಟರೆ ಸಾಕು ಅಂತ ಕಾಯುವವರೂ ಇದ್ದರು. ಈಗ ಅದೇ ಸೀಟಿಗೆ ಬಡಿದಾಡುತ್ತಾರೆ. ನಿರ್ಣಯ ಮಾತ್ರ ಕದಲಿಲ್ಲ.

ಹಾಗಾದರೆ ಹೊರಡೋದು ಹೇಗೆ? ರಾಜರ ಕೈಕೆಳಗೆ ಲಾಭದಾಯಕ ಹುದ್ದೆ ಹಿಡಿದವರು ಸಂಸದರಾಗಿರುವಂತಿಲ್ಲ ಅಂತ ಇನ್ನೊಂದು ಕಾನೂನಿದೆ. ನೌಕರಿಯ ಆಸೆ ತೋರಿಸಿ ದೊರೆ ಸಂಸದರನ್ನು ಬುಟ್ಟಿಗೆ ಹಾಕಿಕೊಳ್ಳದಿರಲಿ ಅಂತ ಮಾಡಿದ್ದು. ನಮ್ಮ ಸಂವಿಧಾನದ 102ನೇ ವಿಧಿಯ ‘ಲಾಭದಾಯಕ ಹುದ್ದೆ’ಗೂ ಅಲ್ಲಿಯದೇ ಮೂಲ. ಪುಣ್ಯಕ್ಕೆ ನಮ್ಮವರು 101ರಲ್ಲಿ ರಾಜೀನಾಮೆಗೂ ದಾರಿ ಇಟ್ಟರು. ಬ್ರಿಟಿಷರು ಮಾತ್ರ ಲಂಚ ತಡೆಯುವ ಕಾನೂನನ್ನೇ ಹಿಂಬಾಗಿಲು ಮಾಡಿಕೊಂಡರು.

ಹೊರಡುವವರು ಹಣಕಾಸು ಮಂತ್ರಿಗೆ ಬರೆಯಬೇಕು. ಅವರು ಎರಡರಲ್ಲಿ ಒಂದು ಹುದ್ದೆ ದಯಪಾಲಿಸುತ್ತಾರೆ: ಚಿಲ್ಟರ್ನ್ ಹಂಡ್ರೆಡ್ಸ್ ಅನ್ನೋ ಹಳೇ ಆಡಳಿತ ಭಾಗದ ಪಾರುಪತ್ಯ, ಇಲ್ಲವೇ ನಾರ್ತ್‌ಸ್ಟೆಡ್ ಜಹಗೀರಿನ ಪಾರುಪತ್ಯ. ಚಿಲ್ಟರ್ನ್ ಗುಡ್ಡಗಳಲ್ಲಿ ದರೋಡೆಕೋರರ ಹಾವಳಿ ತಡೆಯೋದು ಮೊದಲನೆಯವರ ಕೆಲಸವಾಗಿತ್ತಂತೆ. ಎರಡನೆಯದು ಇನ್ನೂ ಚೆನ್ನ. ಸ್ಕಾರ್ಬರೋ ಊರಿನಲ್ಲಿ ಆ ಹಳೇ ಜಹಗೀರಿನ ಜಾಗ ಈಗ ಪೀಸ್‌ಹೋಮ್ ಪಾರ್ಕಿನ ಕೆರೆ. ಮೇಲೆ ಮಕ್ಕಳು ದೋಣಿ ಆಡುತ್ತಾರೆ, ನೀರಿನಡಿ ಸಾಹೇಬರ ಆಡಳಿತ! ಕೆಲಸ ಇಲ್ಲ, ಸಂಬಳ ಇಲ್ಲ. ಆದರೂ ‘ಲಾಭದಾಯಕ’.

ಜೆರಿ ಆ್ಯಡಮ್ಸ್ ಕಥೆ ಕೇಳಿ. ಆಗ ಐರ್ಲೆಂಡಿನ ಶಿನ್ ಫೇನ್ ಪಕ್ಷದ ನಾಯಕ. ಬ್ರಿಟನ್ನಿನ ರಾಜ-ರಾಣಿಗೆ ನಿಷ್ಠೆಯ ಪ್ರಮಾಣ ಮಾಡಲ್ಲ ಅಂತ ಗೆದ್ದೂ ಸದನದಲ್ಲಿ ಕೂರದ ಪಕ್ಷ ಅದು. 2011ರ ಜನವರಿಯಲ್ಲಿ ಅವರು ಸ್ಪೀಕರ್‌ಗೆ ನೆಟ್ಟಗೆ ರಾಜೀನಾಮೆ ಬರೆದರು. ನೌಕರಿ ಗಿವ್ಕರಿ ಏನೂ ಕೇಳಲಿಲ್ಲ. ಆದರೂ ಖಜಾನೆಯವರು ಅವರನ್ನು ನಾರ್ತ್‌ಸ್ಟೆಡ್‌ಗೆ ನೇಮಿಸಿಬಿಟ್ಟರು! ಹುದ್ದೆ ಒಪ್ಪಿಕೊಂಡಿದ್ದಾರೆ ಅಂತ ಪ್ರಧಾನಿ ಕ್ಯಾಮರೂನ್ ಸದನದಲ್ಲೇ ಹೇಳಿದರು. ನಾನು ಕೇಳೂ ಇಲ್ಲ, ಒಪ್ಪೂ ಇಲ್ಲ ಅಂದರು ಆ್ಯಡಮ್ಸ್. ಕೇಳುವವರು ಯಾರು? ಜೀವಮಾನವಿಡೀ ರಾಣಿ ಬೇಡ ಅಂದ ಮನುಷ್ಯ ರಾಣಿಯ ನೌಕರನಾಗಿ ಹೊರಬಿದ್ದ.

1985ರ ಡಿಸೆಂಬರ್‌ನಲ್ಲಿ ಇದರ ಉಲ್ಟಾ. ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳ ಆಂಗ್ಲೋ-ಐರಿಶ್ ಒಪ್ಪಂದ ವಿರೋಧಿಸಿ, ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಇರಲಿ ಅನ್ನುವ 15 ಯೂನಿಯನಿಸ್ಟ್ ಸಂಸದರು ಒಟ್ಟಿಗೆ ಹೊರಟರು. ಇರೋದು ಎರಡೇ ಕುರ್ಚಿ. ಒಬ್ಬರನ್ನು ಕೂರಿಸು, ಎಬ್ಬಿಸು, ಇನ್ನೊಬ್ಬರನ್ನು ಕೂರಿಸು. ಆಮೇಲೆ ಉಪಚುನಾವಣೆಗೆ ನಿಂತು 14 ಜನ ಅದೇ ಸದನಕ್ಕೆ ವಾಪಸ್ ಬಂದರು.

ಈ ಪದ್ಧತಿಯನ್ನು ಚೆನ್ನಾಗಿ ಅರಗಿಸಿಕೊಂಡವರು ಆಗಿನ ಕನ್ಸರ್ವೇಟಿವ್ ಸಂಸದೆ ನದೀನ್ ಡೋರಿಸ್. 2023ರ ಜೂನ್ 9ರಂದು, ಈ ಕ್ಷಣದಿಂದಲೇ ಸಂಸದ ಸ್ಥಾನ ಬಿಟ್ಟೆ ಅಂತ ಸಾರಿದರು. ಬಿಟ್ಟಿದ್ದು ಆಗಸ್ಟ್ ಕೊನೆಗೆ. ತಮಗೆ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಸೀಟು ಯಾಕೆ ತಪ್ಪಿತು ಅಂತ ಮೊದಲು ತಿಳಿಯಬೇಕು ಅಂದರು. ಆಗ ಸಂಸದರ ಸಂಬಳ ವರ್ಷಕ್ಕೆ 86,584 ಪೌಂಡ್. ಅದನ್ನು ಬಿಟ್ಟು ಸಂಬಳವಿಲ್ಲದ ‘ಲಾಭದಾಯಕ’ ಹುದ್ದೆಗೆ ಅರ್ಜಿ ಬರೆಯಬೇಕು ಅಂದ್ರೆ ಪೆನ್ನು ಹುಡುಕೋಕೇ ಅಷ್ಟು ಟೈಮ್ ಬೇಡ್ವಾ?