ಲೇಸರ್ ಮಾಡಿಸಿದರೆ ಸಾಯೋತನಕ ಕನ್ನಡಕ ಬೇಡ ಅನ್ನುವುದು ನಿಜವಲ್ಲ

ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಒಮ್ಮೆ ಲೇಸರ್ ಮಾಡಿಸಿ, ಸಾಯೋತನಕ ಕನ್ನಡಕ ಬೇಡ. ಯಾವ ವಯಸ್ಸಿನವರಿಗಾದರೂ ಸರಿ." ಎರಡೂ ತಪ್ಪು.

ಲಾಸಿಕ್, ಅಂದರೆ ಕನ್ನಡಕದ ನಂಬರ್ ತೆಗೆಯುವ ಈ ಲೇಸರ್ ಆಪರೇಷನ್‌ನಲ್ಲಿ ತಿದ್ದುವುದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಆಕಾರವನ್ನು. ಆದರೆ 40 ದಾಟಿದ ಮೇಲೆ ಪೇಪರ್ ಓದಲು ಕಷ್ಟವಾಗುವುದು ಕಣ್ಣಿನೊಳಗಿನ ಲೆನ್ಸ್ ಗಟ್ಟಿಯಾಗುವುದರಿಂದ. ಲೇಸರ್ ಮಾಡಿಸಿದವರಿಗೂ ಅದು ತಪ್ಪಿದ್ದಲ್ಲ. ವಯಸ್ಸಾದಂತೆ ಪೊರೆಯೂ ಬರಬಹುದು. ಆಗ ಪೊರೆ ತೆಗೆದು ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಲೇಸರ್‌ಗೆ ಮುಂಚಿನ ಅಳತೆಗಳು ತುಂಬಾ ನೆರವಾಗುತ್ತವೆ. ಹಾಗಾಗಿ ಹಳೆಯ ರಿಪೋರ್ಟುಗಳನ್ನು ದಯವಿಟ್ಟು ಎಸೆಯಬೇಡಿ. ಈ ವಿಷಯವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅದೇ ಬೇಸರ.

ಇನ್ನು ವಯಸ್ಸು. 18 ತುಂಬಿರಬೇಕು, ನಂಬರ್ ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿರಬೇಕು. ಪಿಯುಸಿ ಓದುವ ಮಗುವಿಗೆ ರಜೆಯಲ್ಲೇ ಮಾಡಿಸಿಬಿಡೋಣ ಅನ್ನುವ ಅವಸರ ಬೇಡ. ಕಾರ್ನಿಯಾದ ದಪ್ಪವೇ ಸುಮಾರು ಅರ್ಧ ಮಿಲಿಮೀಟರ್. ಅದು ತೀರಾ ತೆಳುವಿದ್ದರೆ, ಅಥವಾ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ) ಇದ್ದರೆ ಲಾಸಿಕ್ ಮಾಡಬಾರದು. ಇದು ಗೊತ್ತಾಗುವುದು ಕಾರ್ನಿಯಾ ಸ್ಕ್ಯಾನ್‌ನಿಂದ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತಪಾಸಣೆಗೆ ಮುಂಚೆಯೇ ಅದನ್ನು ನಿಲ್ಲಿಸಬೇಕು. ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ.

ಲೇಸರ್ ಆದ ಮೇಲೆ ಕೆಲವು ತಿಂಗಳು ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಬಳೆಯಂತೆ ಕಾಣುವುದು ಸಾಮಾನ್ಯ. ನಮ್ಮ ಬಿಸಿಲು, ಧೂಳಿನಲ್ಲಿ ಉರಿ ಇನ್ನೂ ಜಾಸ್ತಿ ಅನಿಸಬಹುದು. ಏನೇ ಆದರೂ ಕಣ್ಣು ಉಜ್ಜಬೇಡಿ. ನೋವು ಹೆಚ್ಚಾದರೆ, ದೃಷ್ಟಿ ಮಸುಕಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.