ಎಚ್‌ಡಿಎಲ್ ಹೆಚ್ಚಿದ್ದರೆ ಎಲ್‌ಡಿಎಲ್ ಲೆಕ್ಕಕ್ಕಿಲ್ಲವೇ?

‘ಒಳ್ಳೆಯ ಕೊಲೆಸ್ಟ್ರಾಲ್ (ಎಚ್‌ಡಿಎಲ್) 60 ಮಿ.ಗ್ರಾಂ/ಡೆಸಿಲೀಟರ್ ದಾಟಿದ್ದರೆ ಕೆಟ್ಟದ್ದು (ಎಲ್‌ಡಿಎಲ್) ಎಷ್ಟಿದ್ದರೂ ಹೃದಯಕ್ಕೆ ಭಯವಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಎಚ್‌ಡಿಎಲ್ ಕಡಿಮೆ ಇರುವವರಲ್ಲಿ ಹೃದಯಾಘಾತ ಹೆಚ್ಚು ಎಂಬುದೇನೋ ನಿಜ. ಆದರೆ ಅದನ್ನು ಏರಿಸಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಟಾರ್ಸೆಟ್ರಾಪಿಬ್ ಎಂಬ ಔಷಧಿ ಎಚ್‌ಡಿಎಲ್ ಪ್ರಮಾಣವನ್ನು ಶೇ 70ರಷ್ಟು ಏರಿಸಿತು, ಎಲ್‌ಡಿಎಲ್ ಪ್ರಮಾಣವನ್ನೂ ಇಳಿಸಿತು. ಕಾಗದದ ಮೇಲೆ ಎಷ್ಟು ಚೆಂದ! ಸೇವಿಸಿದವರಲ್ಲಿ ಸಾವು ಹೆಚ್ಚಿದ್ದರಿಂದ, ಸುಮಾರು 15,000 ಜನರ ಆ ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಬೇಕಾಯಿತು. ಔಷಧಿ ರಕ್ತದೊತ್ತಡವನ್ನೂ ಏರಿಸುತ್ತಿತ್ತು, ಅದು ಬೇರೆ ಮಾತು. ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿಸುವ ಕೆಲವು ವಂಶವಾಹಿಗಳಿರುವವರಿಗೂ ಹೃದಯಾಘಾತದ ಅಪಾಯ ತಗ್ಗಿರಲಿಲ್ಲ.

ಅಪಧಮನಿಯ ಗೋಡೆಯೊಳಗೆ ನುಸುಳಿ ಸಿಕ್ಕಿಕೊಳ್ಳುವುದು ಎಲ್‌ಡಿಎಲ್ ಕಣ. ಎಚ್‌ಡಿಎಲ್ ಹೆಚ್ಚಿದೆಯೆಂದು ಅದು ಹೊರಗೇ ನಿಲ್ಲುವುದಿಲ್ಲ.

ಇನ್ನೊಂದು ವಿಷಯ: ವರದಿಯಲ್ಲಿರುವ ಎಲ್‌ಡಿಎಲ್ ಅನೇಕ ಸಲ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. 1972ರ ಫ್ರೀಡ್‌ವಾಲ್ಡ್ ಸೂತ್ರದಂತೆ ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಅನ್ನೂ, ಟ್ರೈಗ್ಲಿಸರೈಡ್‌ನ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಟ್ರೈಗ್ಲಿಸರೈಡ್ 400 ಮಿ.ಗ್ರಾಂ/ಡೆಸಿಲೀಟರ್ ಮೀರಿದರೆ ಈ ಲೆಕ್ಕವನ್ನು ನಂಬುವಂತಿಲ್ಲ. ಆಗ ಎಲ್‌ಡಿಎಲ್ ನೇರವಾಗಿ ಅಳೆಯುವ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.