ಕಾಸರಗೋಡಿನಲ್ಲಿ 9.81 ಎಲ್ಲಿಂದ ಬಂತು?

ಕಳೆದ ವಾರ ಪ್ಲಸ್ ವನ್ (ಹನ್ನೊಂದನೇ ತರಗತಿ) ಮಕ್ಕಳ ಪ್ರ್ಯಾಕ್ಟಿಕಲ್ ರೆಕಾರ್ಡುಗಳನ್ನು ತಿದ್ದುತ್ತ ಕುಳಿತಿದ್ದೆ. ಸರಳ ಲೋಲಕದಿಂದ (ದಾರಕ್ಕೆ ಕಟ್ಟಿದ ಗುಂಡಿನ ತೂಗಾಟದಿಂದ) ಗುರುತ್ವ ವೇಗೋತ್ಕರ್ಷವನ್ನು, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆಂಬುದನ್ನು, ಕಂಡುಹಿಡಿಯುವ ಪ್ರಯೋಗದಲ್ಲಿ ಇಪ್ಪತ್ತನಾಲ್ಕು ಜೋಡಿಗಳ ಪೈಕಿ ಇಪ್ಪತ್ತೊಂದರ ಉತ್ತರ ಕರಾರುವಾಕ್ಕಾಗಿ 9.81 ಎಂದಿತ್ತು. ಒಂದು ಮೀಟರ್ ಉದ್ದದ ಲೋಲಕದ ಇಪ್ಪತ್ತು ಆಂದೋಲನಗಳನ್ನು ಎಣಿಸುವಾಗ ಸ್ಟಾಪ್‌ವಾಚಿನ ಗುಂಡಿಯ ಮೇಲಿನ ಬೆರಳು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡಮಾಡಿದರೂ ಉತ್ತರ ಸುಮಾರು 0.05ರಷ್ಟು ಆಚೀಚೆ ಸರಿಯುತ್ತದೆ. ನಿಜವಾಗಿ ಅಳೆದಿದ್ದರೆ ತರಗತಿಯ ಉತ್ತರಗಳು 9.7ರಿಂದ 9.9ರವರೆಗೆ ಚೆಲ್ಲಾಪಿಲ್ಲಿಯಾಗಿರಬೇಕಿತ್ತು. ಇಪ್ಪತ್ತೊಂದು ಪುಸ್ತಕಗಳಲ್ಲಿ ಒಂದೇ ಸಂಖ್ಯೆ ಇದೆಯೆಂದರೆ ಅಲ್ಲಿ ಅಳತೆ ನಡೆದಿಲ್ಲವೆಂದೇ ಅರ್ಥ.

ತಮಾಷೆಯೆಂದರೆ, 9.81 ನಮ್ಮ ಊರಿನ ಸಂಖ್ಯೆಯೇ ಅಲ್ಲ. ಭೂಮಿ ತಿರುಗುತ್ತಿರುವುದರಿಂದಲೂ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದಲೂ ಈ ಮೌಲ್ಯ ಭೂಮಧ್ಯರೇಖೆಯಲ್ಲಿ 9.780 ಇದ್ದರೆ ಧ್ರುವಗಳಲ್ಲಿ 9.832 ಇರುತ್ತದೆ, ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕಾಸರಗೋಡಿಗೆ ಅದು 9.78ರ ಆಸುಪಾಸು. ಯುರೋಪಿನ ಕಡೆಗೆ ಸಲ್ಲುವ ಉತ್ತರವನ್ನು ಪುಸ್ತಕದಿಂದ ಎತ್ತಿಕೊಂಡು, ಅದಕ್ಕೆ ಹೊಂದುವಂತೆ ಹಿಂದುಮುಂದಾಗಿ ಲೆಕ್ಕ ಹಾಕಿ, ಸೆಕೆಂಡುಗಳ ಪಟ್ಟಿಯನ್ನು ಮಕ್ಕಳು ತುಂಬಿದ್ದರು. ನಾನು ಗದರಲಿಲ್ಲ. ಡಿಗ್ರಿ ಓದುವಾಗ ನಾನೂ ಇದನ್ನೇ ಮಾಡಿದ್ದೆ, ಅದಕ್ಕೆ ‘ರೀಡಿಂಗ್ ಕುಕ್ ಮಾಡುವುದು’ ಎಂಬ ಹೆಸರೂ ನಮ್ಮಲ್ಲಿ ಚಾಲ್ತಿಯಲ್ಲಿತ್ತು, ಮತ್ತು ಹಾಗೆ ಕುಕ್ ಮಾಡಿದ ಪುಟಕ್ಕೆ ನನಗೆ ಪೂರ್ಣ ಅಂಕ ಸಿಕ್ಕಿತ್ತು.

ಉಳಿದ ಮೂರು ಜೋಡಿಗಳಲ್ಲಿ ಒಂದರ ಉತ್ತರ 10.82. ಅಳಿಸಿ ಬರೆಯೆಂದು ಗೆಳತಿಯರು ಹೇಳಿದರೂ ಆ ಜೋಡಿಯ ಹುಡುಗಿ ಒಪ್ಪಿರಲಿಲ್ಲ, ಏಕೆಂದರೆ ಮೂರು ಸಲ ಮಾಡಿದಾಗಲೂ ಇಪ್ಪತ್ತು ಆಂದೋಲನಗಳಿಗೆ 38.2 ಸೆಕೆಂಡಿನ ಹತ್ತಿರವೇ ಬಂದಿತ್ತು. ನನ್ನೆದುರಿಗೇ ಇನ್ನೊಮ್ಮೆ ಮಾಡು ಎಂದೆ. ಗುಂಡನ್ನು ಬಿಟ್ಟು ಸ್ಟಾಪ್‌ವಾಚ್ ಒತ್ತಿದ ಕ್ಷಣದಲ್ಲೇ ಆಕೆ ‘ಒಂದು’ ಎಂದಳು. ಅಲ್ಲಿ ‘ಸೊನ್ನೆ’ ಎನ್ನಬೇಕಿತ್ತು. ಇಪ್ಪತ್ತೆಂದು ಎಣಿಸಿದ್ದು ಹತ್ತೊಂಬತ್ತೇ ಆಂದೋಲನಗಳು. ಸರಿಪಡಿಸಿದ ಮೇಲೆ 40.2 ಸೆಕೆಂಡು, ಉತ್ತರ 9.77. ಹಳೆಯ ಸಾಲನ್ನು ವೈಟ್‌ನರ್ ಬಳಿದು ಮುಚ್ಚದೆ, ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣವನ್ನು ಬರೆಯಲು ಹೇಳಿದೆ. ಈ ವರ್ಷದ ಅತ್ಯುತ್ತಮ ಪುಟ ಅದೇ.

ಲ್ಯಾಬಿನ ಇಷ್ಟು ಚಿಕ್ಕ ವಿಷಯವನ್ನು ಹಿಗ್ಗಿಸುತ್ತಿದ್ದೇನೆ ಎನಿಸಿದವರು ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 20 ವರ್ಷಕ್ಕೂ ಹೆಚ್ಚು ಕಾಲ ವಿಷ ಸುರಿದಾಗ ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಮಕ್ಕಳು ಹಾಸಿಗೆ ಹಿಡಿದದ್ದನ್ನು ಜನ ಕಣ್ಣಾರೆ ಕಂಡಿದ್ದರು. ಆದರೆ ಕಂಡದ್ದು ಪುರಾವೆಯಾಗಬೇಕಾದರೆ ಹೋಲಿಕೆ ಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋಟದ ಬುಡದ ಹಳ್ಳಿಯ 117 ಶಾಲಾ ಬಾಲಕರನ್ನು ಸಿಂಪಡಣೆಗೆ ಒಳಗಾಗದ 90 ಬಾಲಕರೊಂದಿಗೆ ಹೋಲಿಸಿದ್ದಾರೆ. ರಕ್ತದ ಸೀರಮ್ಮಿನಲ್ಲಿ ಎಂಡೋಸಲ್ಫಾನಿನ ಸರಾಸರಿ ಪ್ರಮಾಣ ಮೊದಲ ಗುಂಪಿನಲ್ಲಿ 7.47 ಪಿಪಿಬಿ (ನೂರು ಕೋಟಿಯಲ್ಲಿ ಇಷ್ಟು ಭಾಗ ಎಂಬ ಅಳತೆ), ಎರಡನೆಯದರಲ್ಲಿ 1.37. ನನ್ನ ಕಣ್ಣು ನಿಲ್ಲುವುದು ಈ 1.37ರ ಮೇಲೆ. ನಮ್ಮ ವಿಜ್ಞಾನ ಮೇಳದ ಪ್ರಾಜೆಕ್ಟ್ ಆಗಿದ್ದರೆ, ಸಿಂಪಡಣೆಯಿಲ್ಲದ ಊರಿನ ಮಕ್ಕಳ ರಕ್ತದಲ್ಲಿ ವಿಷ ಹೇಗೆ ಬಂತೆಂದು ತೀರ್ಪುಗಾರರು ಕೇಳಿಯಾರೆಂಬ ಹೆದರಿಕೆಯಿಂದ ಅಲ್ಲೊಂದು ದುಂಡನೆಯ ಸೊನ್ನೆ ಬಿದ್ದಿರುತ್ತಿತ್ತು. ಆ ಕಾಲದಲ್ಲಿ ಎಂಡೋಸಲ್ಫಾನ್ ಬೇರೆ ಬೆಳೆಗಳಿಗೂ ಬಳಕೆಯಲ್ಲಿದ್ದ ಕೀಟನಾಶಕ. ಸೊನ್ನೆ ಬಂದಿದ್ದರೇ ಅಚ್ಚರಿಪಡಬೇಕಿತ್ತು. ಮಾದರಿ ಚಿಕ್ಕದು, ಎಲ್ಲರೂ ಭಾಗವಹಿಸಿಲ್ಲ ಎಂಬ ಮಿತಿಯನ್ನು ಆ ವಿಜ್ಞಾನಿಗಳು ಪ್ರಬಂಧದ ಸಾರಾಂಶದಲ್ಲೇ ಬರೆದಿದ್ದಾರೆ. ಅಧ್ಯಯನಕ್ಕೆ ಆಕ್ಷೇಪಗಳು ಬಂದವು, ಅವರು ಉತ್ತರ ಕೊಟ್ಟರು. ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಈ ಕೀಟನಾಶಕವನ್ನು ತಡೆಹಿಡಿಯಿತು. ಇಂಥ ವ್ಯಾಜ್ಯದಲ್ಲಿ ಒಂದೇ ಒಂದು ಕುಕ್ ಮಾಡಿದ ಸಂಖ್ಯೆ ಸಿಕ್ಕಿಬಿದ್ದರೂ ಎದುರಾಳಿಗೆ ಅಷ್ಟೇ ಸಾಕಿತ್ತು, ನಷ್ಟವೆಲ್ಲ ಹಾಸಿಗೆಯಲ್ಲಿದ್ದ ಮಕ್ಕಳದ್ದು.

ಮನುಷ್ಯರನ್ನು ಕುರಿತ ಪ್ರಾಜೆಕ್ಟುಗಳ ವಿಷಯದಲ್ಲಿ ನಾವು ಇನ್ನೂ ಹಗುರಾಗಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಮಕ್ಕಳನ್ನು ಅಧ್ಯಯನಕ್ಕೆ ಒಳಪಡಿಸಲು ಹೆತ್ತವರ ಒಪ್ಪಿಗೆ ಮಾತ್ರ ಸಾಲದು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ನಾವಾದರೋ ಪ್ರಶ್ನಾವಳಿಯ ಪ್ರತಿ ತೆಗೆದು, ಹತ್ತು ಮಕ್ಕಳ ಕೈಗೆ ಕೊಟ್ಟು, ಸಿಕ್ಕ ಮನೆಯ ಜಗಲಿ ಹತ್ತಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆ ಮಕ್ಕಳನ್ನು ಕರೆದುಕೊಂಡು ಒಂದು ಮನೆಗೆ ಹೋಗಿದ್ದೆ. ಒಳಗೆ ಮಗ ಮಲಗಿದ್ದ. ತಾಯಿ ಎಲ್ಲರಿಗೂ ಮಜ್ಜಿಗೆ ಕೊಟ್ಟು, ಪ್ರಶ್ನಾವಳಿಯನ್ನು ಕೈಗೆತ್ತಿಕೊಂಡು ನೋಡಿ, “ಇದು ಎಷ್ಟನೆಯದೋ ಲೆಕ್ಕ ತಪ್ಪಿದೆ ಮಾಷ್ಟ್ರೇ. ಬರೆದುಕೊಂಡು ಹೋದವರು ಏನು ಗೊತ್ತಾಯಿತೆಂದು ಒಬ್ಬರೂ ತಿರುಗಿ ಬಂದು ಹೇಳಲಿಲ್ಲ” ಎಂದರು. ನಮ್ಮ ಹುಡುಗನೊಬ್ಬ ಅಷ್ಟರಲ್ಲಿ ಒಳಕೋಣೆಯ ಕಡೆಗೆ ಮೊಬೈಲ್ ಹಿಡಿದಿದ್ದ. ಅದನ್ನು ಕೆಳಗಿಳಿಸಲು ಹೇಳಿದೆ.

ಆ ಪ್ರಶ್ನಾವಳಿಯನ್ನು ತುಂಬದೆಯೇ ಮರಳಿದೆವು. ಈಗ ನಮ್ಮ ಮಕ್ಕಳು ಪ್ರಾಜೆಕ್ಟಿಗಾಗಿ ಸುರಂಗಗಳ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಾವಿಗಳ) ನೀರನ್ನು ಅಳೆಯುತ್ತಾರೆ: ಒಂದು ಕೊಡಪಾನ ತುಂಬಲು ಎಷ್ಟು ಸೆಕೆಂಡು ಬೇಕೆಂದು ಡಿಸೆಂಬರಿನಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ ಬರೆಯುವುದು, ಹೋಗಲಾಗದ ವಾರದ ಚೌಕವನ್ನು ಪಟ್ಟಿಯಲ್ಲಿ ಖಾಲಿ ಬಿಡುವುದು, ಮಳೆಗಾಲ ಹಿಡಿಯುವ ಮುಂಚೆ ಆ ಪಟ್ಟಿಯ ಒಂದು ಪ್ರತಿಯನ್ನು ಸುರಂಗದ ಮನೆಯವರ ಕೈಗೆ ಕೊಟ್ಟು ಬರುವುದು. ಕಳೆದ ಸಲದ ಪಟ್ಟಿಯಲ್ಲಿ ಏಳು ಖಾಲಿ ಚೌಕಗಳಿದ್ದವು. ಮೇಳದಲ್ಲಿ ಅದಕ್ಕೆ ಬಹುಮಾನ ಬರಲಿಲ್ಲ.